ಒಂದಕ್ಕೆರಡು ಟ್ಯಾಂಕು

ಒಡವೆ ಕಂಡು ಕುಣಿದವಳಲ್ಲ ನಾನು. ಮದುವೆಯಲ್ಲಿ ಅಪ್ಪ ಎರಡೆಳೆ ಸರ ತಂದಾಗಲೂ ಕತ್ತು ಒಡ್ಡಿ ಸುಮ್ಮನೆ ನಿಂತಿದ್ದೆ. ಅಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ, ಹಾಯಿದೋಣಿಯ ಕಕ್ಕಸಿನ ಹೊಲಸು ತುಂಬಿಡುವ ಟ್ಯಾಂಕು ಸೋರಲಿಲ್ಲ ಅಂತ ಮನೆಯ ಅಂಗಳದಲ್ಲಿ ಕುಣಿದುಬಿಟ್ಟೆ. ಎದುರು ಮನೆಯವರು ಗೇಟಿಗೆ ಬಂದು ನಿಂತು ನೋಡಿದರು. ನೋಡಲಿ! ಕಕ್ಕಸು ಅನ್ನುವ ಮಾತಿಗೆ ಮೂಗು ಮುರಿಯುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಆ ಮಾತನ್ನು ಬಾಯಿಬಿಟ್ಟು ಹೇಳದೆ ನಾವು ಪಟ್ಟ ಪಾಡು ಸಾಕಾಗಿ, ಈಗ ನಾನು ಮೊದಲು ಅದನ್ನೇ ಹೇಳುತ್ತೇನೆ.

ನಮ್ಮದು ರಾಮನಗರ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಮ್ಮ ಯಜಮಾನರದು ಮೂರು ತಲೆಮಾರಿನಿಂದ ರೇಷ್ಮೆ ನೂಲು ಬಿಚ್ಚುವ ಮನೆ. ಈಗ ಒಲೆ ಆರಿಸಿ ಗೂಡಿನ ವ್ಯಾಪಾರ ಮಾತ್ರ ಇಟ್ಟುಕೊಂಡಿದ್ದಾರೆ. ಖಾಲಿ ಬಿದ್ದ ನೂಲಿನ ಶೆಡ್ಡನ್ನು ಬಾಡಿಗೆಗೆ ಕೊಡೋಣ ಅಂತ ನಾನು ಲೆಕ್ಕ ಹಾಕುತ್ತಿರುವಾಗಲೇ ಮನುಷ್ಯ ಒಂದು ದೋಣಿ ತಂದು ಅಲ್ಲಿ ನಿಲ್ಲಿಸಿದರು. ಮೈಸೂರಿನ ಕಡೆ ಯಾವುದೋ ಜಲಾಶಯದಲ್ಲಿ ಹಾಯಿ ಕಟ್ಟುವುದನ್ನು ಕಲಿತು ಬಂದಿದ್ದರು. ಬೆಂಗಳೂರಿನ ಒಬ್ಬ ಹಿರಿಯರು ಊರು ಬಿಡುವಾಗ ತಮ್ಮ ಹಳೇ ದೋಣಿಯನ್ನು ಕೊಡುತ್ತೇನೆಂದಾಗ ಇವರಿಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತಡಿ ಉದ್ದದ ದೋಣಿ, ಮಧ್ಯೆ ಒಂದು ಗೂಡಿನಂಥ ಕೋಣೆ, ಎರಡು ಪಕ್ಕಕ್ಕೂ ಹಲಗೆಯ ಮಂಚ, ಕೋಣೆಯ ಮೂಲೆಯಲ್ಲಿ ಬಾಗಿಲಿರುವ ಒಂದು ಪುಟ್ಟ ಕಕ್ಕಸು. ಟ್ರೈಲರ್ ಮೇಲೆ ಅದು ಬೀದಿಗೆ ಬಂದ ದಿನ ಪಕ್ಕದ ಬೀದಿಯ ಅಜ್ಜ ಕೇಳಿದ, "ಏನ್ ಟೀಚರಮ್ಮ, ಪ್ರಳಯ ಗಿಳಯ ಬತ್ತದಾ? ನಮಗೂ ಒಸಿ ಯೋಳಿ."

ಕಣ್ವ ಜಲಾಶಯದಲ್ಲಿ ಬಿಡಲು ಅಪ್ಪಣೆ ಸಿಕ್ಕಿತು. ಅಪ್ಪಣೆಯ ಕಾಗದದಲ್ಲಿ ಒಂದು ಷರತ್ತು: ದೋಣಿಯಿಂದ ಒಂದು ತೊಟ್ಟು ಹೊಲಸೂ ನೀರಿಗೆ ಬೀಳಬಾರದು. ಸರಿಯಾದ ಮಾತು. ಕುಡಿಯುವ ನೀರಿಗೂ ಗದ್ದೆಗೂ ಹೋಗುವ ನೀರು ಅದು. ಎಲ್ಲ ದೋಣಿಯಲ್ಲೇ ತುಂಬಿಟ್ಟುಕೊಂಡು ಮನೆಗೆ ತಂದು ನಮ್ಮ ಗುಂಡಿಗೇ ಬಿಡಬೇಕು. ಯಜಮಾನರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ, ಗಂಡಸರಿಗೇನು! ನನಗೆ ಮಾತ್ರ ಆ ಪುಟ್ಟ ಕಕ್ಕಸಿನ ಬಾಗಿಲು ಕಂಡ ಕೂಡಲೇ ನೆನಪಾದವಳು ನಮ್ಮಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕೋಡಿಹಳ್ಳಿಯ ಹತ್ತಿರ ಬೇಸಾಯದ ಮನೆಗೆ ಕೊಟ್ಟಿದ್ದು. ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನನ್ನನ್ನು ಬಾವಿಗೆ ತಳ್ಳಿ ಈಜು ಕಲಿಸಿದವಳು ಅವಳೇ. ಗಂಡು ಹುಡುಗರು ಮೆಟ್ಟಿಲಿನಿಂದ ಧುಮುಕಿದರೆ ಇವಳು ಕಲ್ಲಿನ ತೊಲೆಯ ಮೇಲಿಂದ ಧುಮುಕುತ್ತಿದ್ದಳು. ನೀರು ಅಂದರೆ ಪ್ರಾಣ. ಆಮೇಲೆ ಮೂರು ಹೆರಿಗೆ, ಗರ್ಭಕೋಶದ ಆಪರೇಷನ್ನು, ಅದಾದ ಮೇಲೆ ಉಚ್ಚೆ ತಡೆಯಲಾಗದ ತೊಂದರೆ. ಅರ್ಧ ಗಂಟೆಗೊಮ್ಮೆ ಎದ್ದು ಹೋಗಬೇಕು. ಔಷಧಿ ಆಯಿತು, ವ್ಯಾಯಾಮ ಆಯಿತು, ಒಸಿ ಇಳಿಯಿತು, ಪೂರ್ತಿ ಹೋಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಕೆಂಗಲ್ ಆಂಜನೇಯನಿಗೆ ಹೋಗಿ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆವು. ಮುಂದೆ ಎರಡು ಲಾರಿ ತಿಕ್ಕಿಕೊಂಡು ರಸ್ತೆ ಕಟ್ಟಿತ್ತು. ಬಸ್ಸು ನಿಂತಿತು. ನಿಂತೇ ಇತ್ತು. ಅಕ್ಕ ನನ್ನ ಕೈ ಮುಟ್ಟಿ, ಸ್ಕೂಲು ಮಕ್ಕಳ ಹಾಗೆ ಒಂದು ಬೆರಳು ತೋರಿಸಿದಳು. ಕಂಡಕ್ಟರು ಎರಡೇ ಸೀಟು ಮುಂದೆ ನಿಂತಿದ್ದ. "ಅರ್ಜೆಂಟಾಗಿ ಒಂದಕ್ಕೆ ಹೋಗಬೇಕಪ್ಪ, ಬಾಗಿಲು ತೆಗಿ" ಅಂದಿದ್ದರೆ ಮುಗಿದಿತ್ತು. ಆದರೆ ಬಸ್ಸಿನಲ್ಲಿ ನನ್ನ ಕ್ಲಾಸಿನ ಇಬ್ಬರು ಮಕ್ಕಳ ಅಪ್ಪಂದಿರು ಕೂತಿದ್ದರು. ನನಗೆ ನಾಲಿಗೆ ಏಳಲಿಲ್ಲ. "ಒಸಿ ತಡ್ಕೊ ಅಕ್ಕಾ, ಇನ್ನೇನ್ ಬಂದೇಬುಡ್ತು" ಅಂದೆ. ಅವಳು ತಡೆದುಕೊಂಡಳು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ ತಡೆದುಕೊಂಡಳು. ಕೊನೆಗೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಇಡೀ ಬಾಟಲಿಯನ್ನು ತನ್ನ ಮಡಿಲಿಗೆ ಸುರಿದುಕೊಂಡು, "ಅಯ್ಯೋ, ನೀರ್ ಚೆಲ್ಕೊಂಬುಟ್ಟೆ ಕಣೆ!" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಪಕ್ಕದ ಸೀಟಿನ ಹೆಂಗಸು ಪಾಪ ಟವೆಲ್ಲು ಕೊಟ್ಟಳು. ನನಗೆ ಗೊತ್ತಿತ್ತು. ನನಗೆ ಗೊತ್ತು ಅನ್ನುವುದು ಅವಳಿಗೂ ಗೊತ್ತಿತ್ತು. ಆ ದಿನದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಅಂದಿನಿಂದ ಅಕ್ಕ ಬಸ್ಸು ಹತ್ತಲಿಲ್ಲ. ಮದುವೆಗಳಿಗೆ ಬರಲಿಲ್ಲ. ಮನೆ ಬಿಟ್ಟು ಎಲ್ಲಿಗಾದರೂ ಹೋಗಲೇಬೇಕಾದರೆ ಬೆಳಗ್ಗೆಯಿಂದ ಒಂದು ಗುಟುಕು ನೀರು ಮುಟ್ಟುವುದಿಲ್ಲ, ಹೋದಲ್ಲಿ ಪಾನಕ ಕೊಟ್ಟರೂ ಒಲ್ಲೆ. ತುಟಿ ಒಣಗಿ ಬಿಳಿಚಿಕೊಂಡಿರುತ್ತದೆ. ಅದನ್ನು ನೋಡಿದಾಗಲೆಲ್ಲ "ಒಸಿ ತಡ್ಕೊ" ಅಂದ ನನ್ನ ಬಾಯಿಗೆ ಬರೆ ಹಾಕಬೇಕು ಅನ್ನಿಸುತ್ತದೆ.

ದೋಣಿ ಬಂದ ವಾರವೇ ಫೋನು ಮಾಡಿದೆ.

"ಕಣ್ವದಾಗೆ ನೀರು ಹೆಂಗೈತೆ?" ಅಂದಳು ಮೊದಲಿಗೆ.

"ತುಂಬೈತೆ ಅಕ್ಕಾ. ಬಾ, ಒಂದಿನ ಪೂರ್ತಿ ನೀರಿನ ಮೇಲಿರೋಣ."

"ನನ್ ಕೈಲಾಗಾಕಿಲ್ಲ ಬುಡು."

"ದೋಣೀಲಿ ಕಕ್ಕಸೈತೆ."

ಅವಳು ದನಿ ತಗ್ಗಿಸಿ ಕೇಳಿದಳು, "ದೋಣಿ ಒಳ್ಗೇನಾ? ಬಾಗ್ಲು ಐತಾ?"

"ಐತೆ."

"ಚಿಲ್ಕ?"

"ಐತೆ."

"ವಾಸ್ನೆ?"

"ಇಲ್ಲ" ಅಂದೆ. ಹಸಿ ಸುಳ್ಳು.

"ಹಂಗಾರೆ ಅಮಾಸೆ ಕಳ್ದ ಭಾನ್ವಾರ ಬತ್ತೀನಿ" ಅಂದಳು ಅಕ್ಕ. "ನಂಗೂ ಆಸೆ ಐತೆ ಕಣೆ. ಆದ್ರೆ ಅಲ್ಲೇನಾದ್ರೂ ಎಡವಟ್ಟಾತು ಅಂದ್ರೆ, ಇನ್ನೊಂದ್ ಕಿತ ನನ್ನ ಎಲ್ಗೂ ಕರೀಬ್ಯಾಡ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ "ಬತ್ತೀನಿ" ಕೇಳಿದ್ದು! ಫೋನಿಟ್ಟು ಶೆಡ್ಡಿಗೆ ಓಡಿದೆ. ಇಪ್ಪತ್ತು ದಿನವಿತ್ತು.

ಈಗ ಆ ವಾಸನೆಯ ವಿಚಾರ. ದೋಣಿಯ ಎಡಗಡೆ ಮಂಚದ ಕೆಳಗೆ, ಕಕ್ಕಸಿನ ಹೊಲಸು ಹೋಗಿ ಸೇರಲು ರಬ್ಬರಿನ ಒಂದು ಚೀಲವಿತ್ತು. ಇಪ್ಪತ್ತು ಲೀಟರು ಹಿಡಿಯುವಂಥದ್ದು, ಯಾವ ಕಾಲದ್ದೋ, ಮಡಿಕೆಗಳಲ್ಲಿ ಬಿರುಕು ಬಿಟ್ಟಿತ್ತು. ಮಂಚದ ಹಲಗೆ ಎತ್ತಿದರೆ, ಅಯ್ಯೋ ಶಿವನೇ, ತಲೆ ಗಿರ್ರೆನ್ನುವ ನಾತ. ಯಜಮಾನರು ಅದೇ ಹಲಗೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ, "ಎಲ್ಲೈತೆ ವಾಸ್ನೆ? ನಂಗೇನೂ ಬರ್ತಿಲ್ಲವಲ್ಲ" ಅನ್ನುತ್ತಿದ್ದರು. ಬರುವುದು ಹೇಗೆ! ನೂಲಿನ ಮನೆಯಲ್ಲಿ ಬೇಯುವ ಗೂಡಿನ, ಸತ್ತ ಹುಳುವಿನ ನಾತದ ನಡುವೆ ಹುಟ್ಟಿ ಬೆಳೆದ ಮೂಗು ಅದು. ಮದುವೆಯಾದ ಹೊಸತರಲ್ಲಿ ನಾನು ಆ ವಾಸನೆಗೆ ವಾಂತಿ ಮಾಡಿದರೆ, ಅತ್ತೆ ಮನೆಯವರೆಲ್ಲ ಒಳ್ಳೆಯ ಸುದ್ದಿ ಅಂತ ಸಕ್ಕರೆ ಹಂಚಲು ಹೊರಟಿದ್ದರು. ವಾಸನೆಯ ವಿಚಾರದಲ್ಲಿ ಇವರ ಮಾತು ನಂಬುವ ಹಾಗಿಲ್ಲ.

ಅಂದು ಸಂಜೆ ಸ್ಕೂಲಿನ ಗ್ರಾಫ್ ಹಾಳೆ ಹರಡಿಕೊಂಡು ಕೂತೆ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕು, ಏಳು ಗಂಟೆ. ಅಕ್ಕನಿಗೆ ಅರ್ಧ ಗಂಟೆಗೊಮ್ಮೆ ಅಂದರೆ ಹದಿನಾಲ್ಕು ಸಲ, ನಮ್ಮಿಬ್ಬರದು ಮೂರು ಮೂರು. ಒಟ್ಟು ಇಪ್ಪತ್ತು. ಪ್ರತಿ ಸಲ ಕೈಪಂಪು ಒತ್ತಿದಾಗ ಹೋಗುವ ನೀರೂ ಸೇರಿ ಎರಡು ಲೀಟರು, ಎರಡೂವರೆ ಲೀಟರು. ಹಳೇ ಚೀಲ ಹನ್ನೆರಡರ ಹೊತ್ತಿಗೇ ತುಂಬುತ್ತದೆ. ತುಂಬಿದ ಮೇಲೆ ಅಕ್ಕನಿಗೆ ಮತ್ತೆ "ಒಸಿ ತಡ್ಕೊ" ಅನ್ನಬೇಕು. ಸಾಯುತ್ತೇನೆ, ಅನ್ನುವುದಿಲ್ಲ! ಅರವತ್ತು ಲೀಟರಿನ ಗಟ್ಟಿ ಟ್ಯಾಂಕು ಬೇಕು ಅಂತ ತೀರ್ಮಾನವಾಯಿತು. ಉಚ್ಚೆಯ ಉಪ್ಪಿಗೆ ತಗಡು, ಸ್ಟೀಲು ತೂತು ಬೀಳುತ್ತದೆ ಅಂತ ಓದಿದ್ದೆ, ಅದಕ್ಕೆ ದಪ್ಪ ಪ್ಲಾಸ್ಟಿಕ್ಕೇ ಆಗಬೇಕು. ಮಂಚದ ಕೆಳಗಿನ ಜಾಗವೋ ಅಂಕುಡೊಂಕು, ಅಂಗಡಿಯ ಟ್ಯಾಂಕು ಹಿಡಿಸುವುದಿಲ್ಲ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಅಂಟಿಸಿ, ಒಳಗಿಟ್ಟು ನೋಡಿ, ಮತ್ತೆ ಕತ್ತರಿಸಿ ಅಳತೆ ತೆಗೆದೆ. ಮೂವತ್ತು ವರ್ಷ ಮಕ್ಕಳಿಗೆ ಘನಫಲ ಕಲಿಸಿದ್ದೆ. ಅದು ಒಂದು ಮನುಷ್ಯ ಜೀವದ ಉಪಯೋಗಕ್ಕೆ ಬಂದದ್ದು ಅವತ್ತೇ ಮೊದಲು.

ಮರಳವಾಡಿಯಲ್ಲಿ ಒಬ್ಬನಿದ್ದಾನೆ ಅಂತ ಗೊತ್ತಾಯಿತು. ಕಾರ್ಖಾನೆಗಳಿಗೆ ಆಸಿಡ್ ತೊಟ್ಟಿ ಮಾಡಿಕೊಡುವವನು. ಬೆರಳು ದಪ್ಪದ ಪ್ಲಾಸ್ಟಿಕ್ ಹಾಳೆಗಳನ್ನು ಬಿಸಿಗಾಳಿ ಬಿಟ್ಟು ಬೆಸೆಯುತ್ತಾನೆ. ನನಗೆ ಪರೀಕ್ಷೆಯ ಕೆಲಸ, ಅದಕ್ಕೆ ನಕ್ಷೆಯನ್ನು ಯಜಮಾನರ ಫೋನಿಗೆ ಕಳಿಸಿ, "ನೀವೇ ಮಾತಾಡಿ ಆರ್ಡರ್ ಕೊಡಿ. ಯಾತಕ್ಕೆ ಅಂತ ಸರಿಯಾಗಿ ಹೇಳಿ" ಅಂದೆ. ತಪ್ಪು ಮಾಡಿದೆ.

ಭಾನುವಾರಕ್ಕೆ ನಾಲ್ಕೇ ದಿನ ಇರುವಾಗ, ಬುಧವಾರ, ಲಗೇಜ್ ಆಟೋ ಬಂತು. ಗೋಣಿಚೀಲ ಬಿಚ್ಚಿದರೆ ಒಳಗೆ ಎರಡು ಟ್ಯಾಂಕು! ಬಿಳೀ ಬಣ್ಣದ, ನಯವಾಗಿ ಬೆಸೆದ, ನೋಡಲು ಲಕ್ಷಣವಾದ ಎರಡು ಟ್ಯಾಂಕು. ಒಂದೊಂದೂ ಮೂವತ್ತು ಲೀಟರಿನದು. ನನ್ನ ಅರವತ್ತು ಲೀಟರಿನ ಟ್ಯಾಂಕು ಎಲ್ಲಿ? ಗಣೇಶನ್ನ ಮಾಡಪ್ಪ ಅಂದರೆ ಅವರಪ್ಪನ್ನ ಮಾಡಿ ಕಳಿಸಿದ್ದಾನೆ ಪುಣ್ಯಾತ್ಮ!

ಫೋನು ಹಚ್ಚಿ ಜೋರು ಮಾಡಿದೆ. ಆ ಕಡೆಯಿಂದ ಅವನು ತಣ್ಣಗೆ ಹೇಳಿದ, "ಯಜಮಾನ್ರೇ ಯೋಳಿದ್ರಲ್ಲಾ ಮೇಡಮ್ಮೋರೆ, ಒಂದಕ್ಕೆರಡು ಟ್ಯಾಂಕು ಅಂತ. ನಕ್ಸೇಲಿ ಜಾಗ ಒಂದೇ ಇತ್ತು. ಅದ್ಕೆ ಅದನ್ನೇ ಅರ್ಧರ್ಧ ಮಾಡ್ದೆ."

ನಾನು ಯಜಮಾನರ ಕಡೆ ತಿರುಗಿದೆ. ಅವರು ಹಾಯಿಯ ಹಗ್ಗವನ್ನು ಬಿಚ್ಚುವುದು, ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು.

"ಏನಂತ ಹೇಳಿದ್ರಿ ಅವನಿಗೆ?"

"ಗೂಡಿನ ಮಾರ್ಕೆಟ್ಟಲ್ಲಿದ್ದೆ ಕಣೆ. ಸುತ್ತ ಜನ. ಹರಾಜು ನಡೀತಿತ್ತು. ಹೆಂಗಸ್ರ ವಿಸ್ಯ ಬೇರೆ…"

"ಏನಂತ ಹೇಳಿದ್ರಿ?"

"ಒಂದಕ್ಕೆ ಎರಡಕ್ಕೆ ಹೋಗೋ ಟ್ಯಾಂಕು ಅಂದೆ."

ಒಂದಕ್ಕೆ, ಎರಡಕ್ಕೆ! ಅಲ್ಲಾ, ಐವತ್ತೇಳು ವರ್ಷದ ಗಂಡಸು, ಮಾರ್ಕೆಟ್ಟಿನಲ್ಲಿ ಹತ್ತು ಜನರ ಮಧ್ಯೆ ಗಂಟಲು ಹರಿಯುವ ಹಾಗೆ ಬೆಲೆ ಕೂಗುವವರು, ಕಕ್ಕಸು ಅನ್ನಲು ನಾಚಿಕೊಂಡು ಸ್ಕೂಲು ಮಕ್ಕಳ ಹಾಗೆ ಬೆರಳು ಎತ್ತಿದ್ದಾರೆ! ಆ ಗದ್ದಲದಲ್ಲಿ "ಒಂದಕ್ಕೆ ಎರಡಕ್ಕೆ" ಅಂದದ್ದು ಅವನ ಕಿವಿಗೆ "ಒಂದಕ್ಕೆರಡು" ಆಗಿ ಬಿದ್ದಿದೆ. ಹನ್ನೊಂದು ವರ್ಷ ಕಾದ ದಿನವನ್ನು ಇವರ ನಾಚಿಕೆ ನುಂಗಿಬಿಟ್ಟಿತಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. "ಕಕ್ಕಸು ಅನ್ನಿ!" ಅಂತ ಕೂಗಿದೆ. "ಈಗಲೇ ಅನ್ನಿ. ನನ್ನ ಮುಂದೆ ಮೂರು ಸಲ ಅನ್ನಿ!"

ಅವರು ತಲೆ ತಗ್ಗಿಸಿ ಮೂರು ಸಲ ಅಂದರು. ಮೂರನೆಯ ಸಲ ಅನ್ನುವಾಗ ಅವರ ಮುಖ ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಸ್ಸಿನಲ್ಲಿ ಕಂಡಕ್ಟರನ ಬೆನ್ನು ನೋಡುತ್ತ ಕೂತವಳು ಯಾರು? ಮೂವತ್ತು ವರ್ಷ ಕ್ಲಾಸಿನಲ್ಲಿ ಎದ್ದು ನಿಂತ ಮಗುವನ್ನು "ಒಂದಕ್ಕಾ, ಎರಡಕ್ಕಾ?" ಅಂತ ಕೇಳಿ ಕೇಳಿ, ಊರಿಗೆಲ್ಲ ಬೆರಳಿನ ಭಾಷೆ ಕಲಿಸಿದವಳು ಯಾರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಳಗೆ ಹೋಗಿ ಎರಡು ಲೋಟ ಕಾಫಿ ಮಾಡಿಕೊಂಡು ಬಂದೆ.

ಮಾರನೆಯ ದಿನ ರಜೆ ಹಾಕಿ ಎರಡೂ ಟ್ಯಾಂಕನ್ನು ಕಾರಿನ ಹಿಂದೆ ಹಾಕಿಕೊಂಡು ಮರಳವಾಡಿಗೆ ಹೋದೆವು. ಬೆಸುಗೆಯವನ ಶೆಡ್ಡಿನ ಮುಂದೆ ಇಳಿದು, ಅವನು "ಬನ್ನಿ" ಅನ್ನುವುದಕ್ಕೂ ಮುಂಚೆ ಹೇಳಿದೆ, "ನೋಡಪ್ಪ, ಇದು ಕಕ್ಕಸಿನ ಟ್ಯಾಂಕು. ನಮ್ಮಕ್ಕನಿಗೆ ಉಚ್ಚೆ ತಡೆಯೋಕಾಗಲ್ಲ. ಅವಳು ಒಂದಿನ ಪೂರ್ತಿ ದೋಣೀಲಿರಬೇಕು. ಒಂದು ತೊಟ್ಟು ಸೋರಬಾರದು, ಚೂರೂ ನಾರಬಾರದು. ಭಾನುವಾರಕ್ಕೆ ಆಗಬೇಕು."

ಅವನು ಕೈಯಲ್ಲಿದ್ದ ಗಾಳಿಯ ಗನ್ನು ಕೆಳಗಿಟ್ಟ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. "ಇಷ್ಟನ್ನ ಮೊದ್ಲೇ ಯೋಳ್ಬಾರ್ದಾ" ಅಂದು ನಕ್ಷೆಯನ್ನು ಕೇಳಿ ತೆಗೆದುಕೊಂಡು, ಮೇಜಿನ ಮೇಲೆ ಹರಡಿಕೊಂಡು ನೋಡಿದ. ಆಮೇಲೆ ಕೇಳಿದ, "ಅಲ್ಲ ಮೇಡಮ್ಮೋರೆ, ಅರವತ್ತು ಲೀಟ್ರು ಎಡಗಡೀಕೇ ತುಂಬ್ಕೊಂಡ್ರೆ ದೋಣಿ ಆ ಕಡೀಕೆ ವಾಲಾಕಿಲ್ವಾ?"

ಅರವತ್ತು ಲೀಟರು ಅಂದರೆ ಅರವತ್ತು ಕೆಜಿ. ಒಬ್ಬ ಮನುಷ್ಯ ದಿನವಿಡೀ ಎಡಗಡೆಯೇ ಕೂತ ಹಾಗೆ. ಘನಫಲ ಲೆಕ್ಕ ಹಾಕಿದ ಗಣಿತದ ಟೀಚರಿಗೆ ತೂಕದ ಯೋಚನೆಯೇ ಬಂದಿರಲಿಲ್ಲ!

"ಗಾಡೀಗೆ ಹುಲ್ಲು ಹೇರ್ದಂಗೆ" ಅಂದ ಅವನು. ಹಾಯಿದೋಣಿಯನ್ನು ಜನ್ಮದಲ್ಲಿ ಕಂಡವನಲ್ಲ. "ಎರಡೂ ಪಕ್ಕಕ್ಕೂ ಸಮ ಬುಡ್ಬೇಕು. ಎಡಗಡೀಕೆ ಒಂದು ಟ್ಯಾಂಕು, ಬಲಗಡೀಕೆ ಒಂದು. ಮಧ್ಯ ಒಂದು ವಾಲ್ ಕೂರುಸ್ತೀನಿ. ತ್ವಾಟದಲ್ಲಿ ಈ ಪಾತೀಗೆ ನೀರ್ ಸಾಕು ಅಂದ್ರೆ ಆ ಪಾತೀಗೆ ತಿರುಗ್ಸಾಕಿಲ್ವಾ, ಹಂಗೆ. ಇದು ಅರ್ಧ ತುಂಬ್ತಾ, ಅದ್ಕೆ ತಿರುಗ್ಸಿ."

ಆಗ ನನಗೆ ಬಂದ ಸಂತೋಷ! ಅವನ ಕಾಲಿಗೆ ಬೀಳುವುದೊಂದು ಬಾಕಿ. ತಪ್ಪಾಗಿ ಬಂದ ಎರಡು ಟ್ಯಾಂಕೇ ಸರಿಯಾದ ಟ್ಯಾಂಕು! ನಾವು ಕೇಳಿದ ಒಂದೇ ಟ್ಯಾಂಕನ್ನು ಅವನು ಮಾಡಿ ಕಳಿಸಿದ್ದರೆ ನಾನು ಮೆರವಣಿಗೆಯಲ್ಲಿ ಕೂರಿಸಿ, ದೋಣಿಯನ್ನು ವಾಲಿಸಿ, ಅಕ್ಕನ ಎದೆ ಒಡೆಯುತ್ತಿದ್ದೆ. ಯಜಮಾನರಂತೂ ಎದೆ ಉಬ್ಬಿಸಿಕೊಂಡು, "ನೋಡ್ದಾ, ನಾನು ಹೇಳಿದ್ದೇ ಸರಿ. ಒಂದಕ್ಕೆರಡು" ಅಂದರು. ಬಲಗಡೆ ಮಂಚದ ಕೆಳಗೆ ಅವರ ಹಗ್ಗ, ಹಾಯಿ, ಸಾಮಾನಿನ ಖಜಾನೆ ಇತ್ತು. ಈಗ ಅದೆಲ್ಲ ಖಾಲಿಯಾಗಬೇಕು ಅಂತ ನೆನಪಿಸಿದ ಮೇಲೆ ಉಬ್ಬಿದ ಎದೆ ಒಸಿ ಇಳಿಯಿತು.

ಬೆಸುಗೆಯವನು ಅಲ್ಲಿಯೇ ಎರಡೂ ಟ್ಯಾಂಕಿನ ತಲೆಗೆ ಒಂದೊಂದು ಸಣ್ಣ ಕೊಳವೆ ಬೆಸೆದ. "ಇದು ಉಸ್ರಿಗೆ. ಆಸಿಡ್ ತೊಟ್ಟಿಗೂ ಇಕ್ತೀವಿ. ಒಳ್ಗೆ ಗಾಳಿ ಆಡ್ದೆ ಇದ್ರೆ ಉಬ್ಕೊಂಡು ಒಂದಿನ ಬಾಂಬ್ ಆಯ್ತದೆ." ಆ ಕೊಳವೆಯನ್ನು ದೋಣಿಯ ಹೊರ ಅಂಚಿಗೆ ಒಯ್ಯಬೇಕು, ನಾವು ಕೂರುವ ಕಡೆಗೆ ತಿರುಗಿಸಬಾರದು ಅಂತ ಎರಡು ಸಲ ಹೇಳಿ ಕಳಿಸಿದ.

ಶುಕ್ರವಾರ, ಶನಿವಾರ ನಮಗೆ ಹಬ್ಬ. ಹಳೇ ಚೀಲವನ್ನು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಚೆ ಹಾಕಿದೆವು. ಟ್ಯಾಂಕು ಕೂರಿಸಿ ಬೆಲ್ಟಿನಿಂದ ಬಿಗಿದೆವು. ಇಷ್ಟಾದರೂ ಕೋಣೆಯಲ್ಲಿ ನಾತ ಉಳಿದಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಳೇ ಪೈಪಿಗೆ ಸುತ್ತಿ, ಆರಿದ ಮೇಲೆ ಬಟ್ಟೆಯನ್ನು ಮೂಸಿದೆ. ಸಿಕ್ಕಿಬಿತ್ತು! ಪೈಪಿನ ರಬ್ಬರೇ ವರ್ಷಗಟ್ಟಲೆ ಕುಡಿದು ಕುಡಿದು ಗಬ್ಬೆದ್ದಿತ್ತು. ಯಜಮಾನರಿಗೂ ಮೂಸಲು ಕೊಟ್ಟೆ. "ಒಳ್ಳೆ ಸೋಪಿನ ವಾಸ್ನೆ ಐತಲ್ಲ" ಅಂದರು ಮಹಾನುಭಾವರು. ಎಲ್ಲ ಪೈಪನ್ನೂ ಕಿತ್ತು, ದಪ್ಪನೆಯ ಹೊಸದನ್ನು ಹಾಕಿ, ಕ್ಲಿಪ್ಪುಗಳನ್ನು ಜೋಡಿ ಜೋಡಿಯಾಗಿ ಬಿಗಿದೆ. ಶನಿವಾರ ಮಧ್ಯಾಹ್ನ ಅವರು ಕೂತು ಪಂಪು ಒತ್ತಿದರು, ನಾನು ಟಾರ್ಚು ಹಿಡಿದು ಮಂಚದ ಕೆಳಗೆ ಮಲಗಿ ನೋಡಿದೆ. ಇಪ್ಪತ್ತು ಸಲ. ಹತ್ತಕ್ಕೆ ವಾಲ್ ತಿರುಗಿಸಿದೆವು. ಗುಳುಗುಳು ಅಂತ ನೀರು ಬಲಗಡೆಗೆ ಹೊರಟಿತು. ಪ್ರತಿ ಬೆಸುಗೆಯ ಕೆಳಗೂ ಹಳೇ ಪ್ರಶ್ನೆಪತ್ರಿಕೆ ಹಾಸಿದ್ದೆ. ಒಂದೂ ಒದ್ದೆಯಾಗಲಿಲ್ಲ. ಆಗಲೇ ನಾನು ಅಂಗಳಕ್ಕೆ ಬಂದು ಕುಣಿದದ್ದು.

ಅಕ್ಕ ಅವತ್ತು ಸಂಜೆಯೇ ಕಾರಿನಲ್ಲಿ ಬಂದಳು, ಕನಕಪುರದಲ್ಲಿ ನನ್ನ ಗೆಳತಿಯ ಮನೆಯಲ್ಲಿ ಒಮ್ಮೆ, ದಾರಿಯಲ್ಲಿ ಇನ್ನೊಂದು ಪರಿಚಯದವರ ಮನೆಯಲ್ಲಿ ಒಮ್ಮೆ ಇಳಿದು. ಭಾನುವಾರ ಬೆಳಗ್ಗೆ ಇಡ್ಲಿ ತಿಂದಳು, ನೀರು ಮುಟ್ಟಲಿಲ್ಲ. ಕಣ್ವದ ದಡದಲ್ಲಿ ದೋಣಿ ನೀರಿಗಿಳಿಯುವಾಗ ಅವಳ ಕಾಲು ಹಿಂದೆ ಸರಿಯಿತು.

"ಕಕ್ಕಸು ಯಾವ್ ಮೂಲೇಲೈತೆ?" ಅಂದಳು. "ಈಸಾನ್ಯದಲ್ಲಿದ್ರೆ ನಾ ಬರಾಕಿಲ್ಲ. ಒಳ್ಳೇದಲ್ಲ ಅದು."

"ಅಕ್ಕಾ, ದೋಣಿ ತಿರುಗ್ತಾನೇ ಇರ್ತದೆ. ಈಗ ಈಶಾನ್ಯ, ಇನ್ನೊಂದು ಗಳಿಗೆಗೆ ನೈಋತ್ಯ. ನಿನಗೆ ಬೇಕಾದ ದಿಕ್ಕು ಬಂದಾಗ ಹೋಗು."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಹತ್ತಿಬಿಟ್ಟಳು.

ಹಾಯಿ ಗಾಳಿ ಹಿಡಿದ ಗಳಿಗೆಯನ್ನು ಹೇಗೆ ಹೇಳಲಿ! ದೋಣಿ ಒಂದು ಪಕ್ಕಕ್ಕೆ ಒರಗಿ ಸುರ್ರೆಂದು ಹೊರಟಾಗ ಅರವತ್ತೊಂದು ವರ್ಷದ ಅಕ್ಕ "ಹೋಯ್!" ಅಂತ ಕೂಗಿದಳು, ಬಾವಿಯ ತೊಲೆಯ ಮೇಲಿಂದ ಧುಮುಕುವಾಗ ಕೂಗುತ್ತಿದ್ದ ಅದೇ ಕೂಗು. ಕೈಯನ್ನು ನೀರಿಗೆ ಬಿಟ್ಟು ಎಳೆಸಿಕೊಂಡಳು. ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವನಿಗೆ ಕೈ ಬೀಸಿದಳು. ಅರ್ಧ ಗಂಟೆಗೆ ಮುಖ ಚಿಕ್ಕದಾಯಿತು. ನನ್ನ ಕಡೆ ತಿರುಗಿ ಬೆರಳು ಎತ್ತಲು ಹೋದಳು.

"ಬಾಯಲ್ಲಿ ಹೇಳಕ್ಕಾ" ಅಂದೆ.

ಯಜಮಾನರ ಕಡೆ ಒಮ್ಮೆ ನೋಡಿ, "ಕಕ್ಕಸಿಗೋಗ್ಬೇಕು" ಅಂದಳು. ಅವರು ಹಗ್ಗದಿಂದ ಕಣ್ಣೆತ್ತದೆ, "ಹೋಗ್ಬನ್ನಿ ಅತ್ತಿಗೆ, ಬಗ್ಗಿ ಹೋಗಿ, ತಲೆ ಜ್ವಾಪಾನ" ಅಂದರು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ನಾನು ಮೂಗನ್ನು ಆ ಕಡೆಗೇ ಇಟ್ಟು ಕೂತೆ. ಪಂಪಿನ ಸದ್ದು ಕೇಳಿತು, ನಾಲ್ಕು ಸಲ, ಐದು ಸಲ. ಅಕ್ಕ ಹೊರಗೆ ಬಂದಳು. ಬರೀ ನೀರಿನ, ಬಿಸಿಲಿನ ವಾಸನೆ! "ಒಳ್ಗೆ ಅಚ್ಚುಕಟ್ಟಾಗೈತೆ ಕಣೆ" ಅಂದಳು, ಅಷ್ಟೆ. ಹೀಗೆ ಎರಡನೆಯ ಸಲ ಹೋದಳು, ಮೂರನೆಯ ಸಲ ಹೋದಳು. ಮೂರನೆಯದಕ್ಕೆ ಯಾರಿಗೂ ಹೇಳಲೇ ಇಲ್ಲ, ಎದ್ದು ಹೋಗಿ ಬಂದಳು, ಮನೆಯಲ್ಲಿ ಹೋಗಿ ಬರುವ ಹಾಗೆ. ಅವಳು ಹೋಗಿ ಬಂದದ್ದನ್ನು ಮೊದಲಿಗೆ ನಾನೇ ಗಮನಿಸಿರಲಿಲ್ಲ.

ಹನ್ನೆರಡರ ಹೊತ್ತಿಗೆ, ಜಲಾಶಯದ ನಟ್ಟನಡುವೆ, ಗಾಳಿ ಸತ್ತುಹೋಯಿತು. ಹಾಯಿ ಜೋತುಬಿತ್ತು. ದೋಣಿ ನಿಂತಿತು. ಯಜಮಾನರು ಹಾಯಿ ಎಳೆದರು, ಬಿಟ್ಟರು, ಆಕಾಶ ನೋಡಿದರು. "ಇನ್ನೊಂದು ಗಂಟೆ ಅಲ್ಲಾಡೋದಿಲ್ಲ ಅನ್ಸುತ್ತೆ" ಅಂದರು. ನಿಂತ ಬಸ್ಸು, ಮುಂದೆ ಲಾರಿ, ಕಂಡಕ್ಟರನ ಬೆನ್ನು, ಎಲ್ಲ ಒಟ್ಟಿಗೇ ಕಣ್ಣಿಗೆ ಬಂತು. "ಹುಟ್ಟು ತಗೊಳ್ರೀ" ಅಂದೆ. "ಬೇಗ ದಡಕ್ಕೆ ಹೋಗೋಣ. ಅಕ್ಕಾ, ಇನ್ನೇನು…" ಮತ್ತೆ ಅದೇ "ಒಸಿ ತಡ್ಕೊ" ಅನ್ನಲು ಹೊರಟಿದ್ದೆ!

ಅಕ್ಕ ಕಾಲು ಚಾಚಿ, ಮಂಚದ ಅಂಚಿಗೆ ಒರಗಿ ಕೂತಿದ್ದಳು. ಅವಳ ಮಂಚದ ಕೆಳಗೇ ಬಲಗಡೆಯ ಟ್ಯಾಂಕು, ಇನ್ನೂ ಪೂರ್ತಿ ಖಾಲಿ. "ಹುಟ್ಯಾಕಪ್ಪ, ಇರ್ಲಿ ಬುಡಿ" ಅಂದಳು ಯಜಮಾನರಿಗೆ. "ನಿಂತ್ರೆ ನಿಂತ್ಕಳ್ಳಿ. ಏನೀಗ?" ಆಮೇಲೆ ನನ್ನ ಕಡೆ ಕೈ ಚಾಚಿದಳು. "ಒಸಿ ನೀರು ಕೊಡೆ. ಬಿಸ್ಲಿಗೆ ಗಂಟ್ಲು ಒಣಗೈತೆ."

ಚೀಲದಿಂದ ಚೊಂಬು ತೆಗೆದು ತುಂಬಿಸಿ ಕೊಟ್ಟೆ. ಅಕ್ಕ ತಲೆ ಹಿಂದಕ್ಕೆ ಬಾಗಿಸಿ, ಚೊಂಬು ಎತ್ತಿ, ಗಟಗಟ ಕುಡಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಗಲ್ಲದಿಂದ ಒಂದು ಧಾರೆ ಇಳಿದು ಸೀರೆಯ ಮಡಿಲಿಗೆ ಬಿತ್ತು. ಅವಳು ಖಾಲಿ ಚೊಂಬನ್ನು ಕೆಳಗಿಟ್ಟು, ಮಡಿಲನ್ನು ನೋಡಿಕೊಂಡು, ನನ್ನ ಮುಖ ನೋಡಿದಳು. ಹನ್ನೊಂದು ವರ್ಷಕ್ಕೆ ಆ ಮಾತು ಎತ್ತಿದವಳು ಅವಳೇ.

"ಚೆಲ್ಕೊಂಬುಟ್ಟೆ ಕಣೆ" ಅಂದಳು ನಗುತ್ತ. "ಈ ಕಿತ ದಿಟ್ವಾಗ್ಲೂ ನೀರೇಯ."